ಶೈತಾನನ ಮನೆ ಎಲ್ಲಿದೆ?

ಶೈತಾನನನ್ನು ತೋರಿಸಿ ಹೆದರಿಸುವ ಚಲನಚಿತ್ರಗಳು ಇಂದು ಮೊಬೈಲ್ ಮೂಲಕ ನಮ್ಮ ಮನೆಗಳ ಒಳಕೋಣೆಯನ್ನೂ ತಲುಪಿವೆ. ಅವುಗಳಲ್ಲಿ ಒಂದು ವಿಶೇಷ ಬಗೆಯಿದೆ. ನಾಲ್ಕು ದಶಕಗಳ ಹಿಂದಿನ ಚಿತ್ರಗಳಂತೆಯೇ ಕಾಣುವ ಹಾಗೆ, ಅಲ್ಪ ಖರ್ಚಿನಲ್ಲಿ ಇತ್ತೀಚೆಗೆ ತಯಾರಾದ ಅಮೆರಿಕದ ಭಯಾನಕ ಚಿತ್ರಗಳವು. ಸಭ್ಯರಂತೆ ಕಾಣುವ ಜನರು ಗುಟ್ಟಾಗಿ ಶೈತಾನನನ್ನು ಆರಾಧಿಸುವ ಪಂಥಕ್ಕೆ ಸೇರಿರುತ್ತಾರೆ, ಅಮಾಯಕರನ್ನು ಬಲಿಕೊಡುತ್ತಾರೆ ಎಂಬುದು ಅವುಗಳ ಕಥಾವಸ್ತು. ಇಂತಹದೊಂದು ಚಿತ್ರವನ್ನು ನೋಡಿದ್ದ ನಮ್ಮ ಮದ್ರಸದ ಹಿರಿಯ ತರಗತಿಯ ಹುಡುಗನೊಬ್ಬ, "ಉಸ್ತಾದ್, ಶೈತಾನನಿಗೆ ಅಷ್ಟೊಂದು ಶಕ್ತಿ ಇದೆಯಾ? ಇದು ನಿಜವಾಗಿ ನಡೆದದ್ದಂತೆ" ಎಂದು ಕೇಳಿದನು. ನೋಡದೆ ತೀರ್ಪು ಕೊಡುವುದು ನ್ಯಾಯವಲ್ಲವೆಂದು ನಾವೂ ಅದನ್ನು ನೋಡಿದೆವು, ಅದರ ಹಿಂದಿನ ಚರಿತ್ರೆಯನ್ನೂ ಓದಿದೆವು.

ಚಿತ್ರದ ಹೆಸರು 'ದಿ ಹೌಸ್ ಆಫ್ ದಿ ಡೆವಿಲ್', ಅಂದರೆ ಶೈತಾನನ ಮನೆ. 2009ರಲ್ಲಿ ಬಿಡುಗಡೆಯಾದ ಇದರ ನಿರ್ದೇಶಕ ಟೀ ವೆಸ್ಟ್. ಕಥೆ ನಡೆಯುವುದು 1980ರ ದಶಕದಲ್ಲಿ. ಹಳೆಯ ಕಾಲದ ನೋಟ ಬರಲೆಂದು ಇಡೀ ಚಿತ್ರವನ್ನು 16 ಎಂ.ಎಂ. ಫಿಲ್ಮಿನಲ್ಲಿ ಚಿತ್ರೀಕರಿಸಲಾಗಿದೆ. ಬಾಡಿಗೆಯ ಹಣಕ್ಕಾಗಿ ಪರದಾಡುತ್ತಿರುವ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಮಗು ನೋಡಿಕೊಳ್ಳುವ ಕೆಲಸದ ಜಾಹೀರಾತು ನಂಬಿ ಊರಾಚೆಯ ದೊಡ್ಡ ಮನೆಗೆ ಹೋಗುತ್ತಾಳೆ. ಅಲ್ಲಿ ಮಗುವೇ ಇಲ್ಲ. ನೋಡಿಕೊಳ್ಳಬೇಕಾದದ್ದು ವೃದ್ಧೆಯನ್ನು ಎಂದು ಮನೆಯೊಡೆಯ ಹೇಳುತ್ತಾನೆ. 400 ಡಾಲರಿನ ಆಸೆಗೆ ಅವಳು ಒಪ್ಪುತ್ತಾಳೆ. ಅಂದು ಚಂದ್ರಗ್ರಹಣದ ರಾತ್ರಿ. ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಕಥೆಗೂ ಮುಂಚೆ ಪರದೆಯ ಮೇಲೆ ಬರುವ ಕೆಲವು ಸಾಲುಗಳು. 1980ರ ದಶಕದಲ್ಲಿ ಶೇಕಡಾ 70ಕ್ಕೂ ಹೆಚ್ಚು ಅಮೆರಿಕನ್ನರು ಇಂತಹ ಪಂಥಗಳಿವೆಯೆಂದು ನಂಬಿದ್ದರೆಂದೂ ಇನ್ನು ಶೇಕಡಾ 30 ಜನ ಸರಕಾರವೇ ಸಾಕ್ಷ್ಯವನ್ನು ಮುಚ್ಚಿಟ್ಟಿದೆಯೆಂದು ಭಾವಿಸಿದ್ದರೆಂದೂ ಅವು ಹೇಳುತ್ತವೆ. ಎಪ್ಪತ್ತೂ ಮೂವತ್ತೂ ಕೂಡಿದರೆ ನೂರು! ಸಂಶಯಿಸಿ ಪ್ರಶ್ನಿಸುವವನಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಸಾಕ್ಷ್ಯ ಸಿಕ್ಕಿದರೆ ಅದು ಪುರಾವೆ, ಸಿಗದಿದ್ದರೆ ಅದು ಇನ್ನೂ ದೊಡ್ಡ ಪುರಾವೆ.

ಸಿನಿಮಾದಲ್ಲಿ ಇದು ಆಟ. ಚರಿತ್ರೆಯಲ್ಲಿ ಆಟವಾಗಿರಲಿಲ್ಲ. 1980ರಲ್ಲಿ ಕೆನಡಾದ ಮನೋವೈದ್ಯನೊಬ್ಬ ತನ್ನ ರೋಗಿಯೊಡನೆ ಸೇರಿ 'ಮಿಷೆಲ್ ರಿಮೆಂಬರ್ಸ್' ಎಂಬ ಪುಸ್ತಕ ಪ್ರಕಟಿಸಿದನು. ಬಾಲ್ಯದಲ್ಲಿ ಶೈತಾನನ ಆರಾಧಕರು ಆಕೆಯನ್ನು ಹಿಂಸಿಸಿದರೆಂಬ, ಎಂದೂ ಸಾಬೀತಾಗದ ಕಥನವದು. ಭಯ ಹರಡಿತು. 1983ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಾಟನ್ ಬೀಚ್‌ನಲ್ಲಿ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೇಲೆ ತಾಯಿಯೊಬ್ಬಳು ದೂರು ಕೊಟ್ಟಳು. ಪೊಲೀಸರು ಸುಮಾರು 200 ಪೋಷಕರಿಗೆ ಪತ್ರ ಬರೆದರು. ನೂರಾರು ಮಕ್ಕಳನ್ನು ಪ್ರಶ್ನಿಸಲಾಯಿತು. ಏನೂ ಆಗಿಲ್ಲವೆಂದ ಮಗುವನ್ನು ಮತ್ತೆ ಮತ್ತೆ ಕೇಳಲಾಯಿತು. ಬೇಕಾದ ಉತ್ತರ ಬಂದಾಗ ಹೊಗಳಲಾಯಿತು. ನೆಲದಡಿಯ ಸುರಂಗಗಳು, ಹಾರುವ ಮಾಟಗಾತಿಯರು ಎಲ್ಲವೂ ಮಕ್ಕಳ ಬಾಯಿಂದ ಬಂದವು. ಏಳು ಮಂದಿಯ ಮೇಲೆ ಆರೋಪ ಹೊರಿಸಿ ನಡೆಸಿದ ಮೊಕದ್ದಮೆ 1990ರಲ್ಲಿ ಮುಗಿದಾಗ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಅಷ್ಟರಲ್ಲಿ ಒಬ್ಬ ಶಿಕ್ಷಕ ಐದು ವರ್ಷ ಸೆರೆಯಲ್ಲಿ ಕಳೆದಿದ್ದನು. ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಶಿಶುವಿಹಾರ ನಡೆಸುತ್ತಿದ್ದ ದಂಪತಿಯ ಗತಿ ಇನ್ನೂ ಘೋರ. 1992ರಲ್ಲಿ ಶಿಕ್ಷೆಗೊಳಗಾದ ಅವರು 21 ವರ್ಷಗಳ ನಂತರ ಹೊರಬಂದರು. ನಿರಪರಾಧಿಗಳೆಂದು ಘೋಷಿತರಾದುದು 2017ರಲ್ಲಿ. ಇತ್ತ ಎಫ್‌.ಬಿ.ಐ.ಯ ತಜ್ಞ ಕೆನೆತ್ ಲ್ಯಾನಿಂಗ್, ಇಂತಹ ಸಂಘಟಿತ ನರಬಲಿ ಪಂಥಗಳಿಗೆ ಪುರಾವೆ ಸಿಕ್ಕಿಲ್ಲವೆಂದು 1992ರಲ್ಲೇ ವರದಿ ಬರೆದಿದ್ದರು.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಶೈತಾನನ ಅಸ್ತಿತ್ವದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅವನ ಕುತಂತ್ರ ದುರ್ಬಲವೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ (ಅನ್ನಿಸಾ: 76). ತನಗೆ ಮನುಷ್ಯರ ಮೇಲೆ ಯಾವ ಅಧಿಕಾರವೂ ಇರಲಿಲ್ಲ, ತಾನು ಕರೆದೆ, ಅವರು ಓಗೊಟ್ಟರು ಎಂದು ಅವನೇ ಅಂತ್ಯದಿನದಂದು ಒಪ್ಪಿಕೊಳ್ಳುವನೆಂದೂ ಅದರಲ್ಲಿದೆ (ಇಬ್ರಾಹೀಮ್: 22). ಅವನ ಕೈಯಲ್ಲಿ ಖಡ್ಗವಿಲ್ಲ. ಅವನ ಆಯುಧ ವಸ್‌ವಾಸ್, ಹೃದಯದೊಳಗಿನ ಪಿಸುಮಾತು.

ಆ ಪಿಸುಮಾತು ಎಂತಹದು? ರಮಝಾನಿನ ಒಂದು ರಾತ್ರಿ ಪ್ರವಾದಿವರ್ಯರು(ಸ) ಮಸೀದಿಯಲ್ಲಿ ಇಅ್‌ತಿಕಾಫ್‌ನಲ್ಲಿದ್ದಾಗ ಪತ್ನಿ ಸಫಿಯ್ಯಾ(ರ) ಕಾಣಲು ಬಂದರು. ಮರಳುವಾಗ ಪ್ರವಾದಿವರ್ಯರು(ಸ) ಅವರೊಡನೆ ಎದ್ದು ನಡೆದರು. ಆ ದಾರಿಯಲ್ಲಿ ಬಂದ ಇಬ್ಬರು ಅನ್ಸಾರಿಗಳು ಕಂಡು ಹೆಜ್ಜೆ ಚುರುಕುಗೊಳಿಸಿದರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಈಕೆ ಸಫಿಯ್ಯಾ ಎಂದು ತಿಳಿಸಿದರು. ಅವರು ಬೆರಗಾದಾಗ, ಶೈತಾನನು ಮನುಷ್ಯನಲ್ಲಿ ರಕ್ತದಂತೆ ಸಂಚರಿಸುತ್ತಾನೆ, ನಿಮ್ಮ ಹೃದಯಗಳಲ್ಲಿ ಕೆಡುಕನ್ನು ಹಾಕಿಯಾನೆಂದು ಅಂಜಿದೆ ಎಂಬರ್ಥದಲ್ಲಿ ವಿವರಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಇದು. ಗಮನಿಸಿರಿ, ಅವರು ಅಂಜಿದ್ದು ಇನ್ನೊಬ್ಬರ ಮೇಲೆ ಹುಟ್ಟಬಹುದಾದ ಸಂಶಯಕ್ಕೆ. ಹಾಗಾದರೆ ಮ್ಯಾನ್‌ಹಾಟನ್ ಬೀಚ್‌ನಲ್ಲಿ ಶೈತಾನನು ಇದ್ದುದು ಎಲ್ಲಿ? ಶಿಶುವಿಹಾರದ ನೆಲದಡಿಯಲ್ಲೋ, ಅದನ್ನು ಅಗೆಯಹೊರಟವರ ಎದೆಯಲ್ಲೋ?

ಇದು ದೂರದ ದೇಶದ ಮಾತೆಂದು ಸುಮ್ಮನಿರುವಂತಿಲ್ಲ. 2018ರ ಜುಲೈ ತಿಂಗಳಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಜನರು ಹೊಡೆದು ಕೊಂದರು. ಅವರೂ ಗೆಳೆಯರೂ ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪ್‌ನಲ್ಲಿ ಹರಿಯಿತು. ಅಷ್ಟೇ ಸಾಕಾಯಿತು. ಸುದ್ದಿ ಬಂದಾಗ ಪರಿಶೀಲಿಸಿರಿ, ಅರಿಯದೆ ಜನರಿಗೆ ಹಾನಿ ಮಾಡಿ ಪಶ್ಚಾತ್ತಾಪ ಪಡದಿರಿ ಎಂದು ಸೂರಃ ಅಲ್ ಹುಜುರಾತ್ ಕೊಡುವ ಎಚ್ಚರಿಕೆ ಇಂತಹ ಗಳಿಗೆಗಾಗಿಯೇ ಇದೆ. ನಾವು ಇದರ ಪೆಟ್ಟು ತಿಂದ ಸಮುದಾಯ. ಆದುದರಿಂದಲೇ ನಮ್ಮ ಬೆರಳು ಅಂತಹ ಸಂದೇಶವನ್ನು ಮುಂದಕ್ಕೆ ಕಳುಹಿಸಬಾರದು, ಆರೋಪ ಯಾರ ಮೇಲೆಯೇ ಇರಲಿ.

ಮಕ್ಕಳ ಮೇಲಿನ ದೌರ್ಜನ್ಯವೆಲ್ಲ ಸುಳ್ಳೆಂದು ಇದರರ್ಥವಲ್ಲ. ಅದು ಇದೆ, ಬಹಳ ಸಲ ಪರಿಚಿತರಿಂದಲೇ ನಡೆಯುತ್ತದೆ. ಮಗು ಬಾಯಿಬಿಟ್ಟರೆ ತಾಳ್ಮೆಯಿಂದ ಕೇಳಿರಿ, ಆದರೆ ನಿಮ್ಮ ಮಾತನ್ನು ಅದರ ಬಾಯಿಗೆ ತುರುಕದಿರಿ. ಭಯಾನಕ ಚಿತ್ರ ನೋಡಿ ನಿದ್ದೆಗೆಟ್ಟ ಮಗುವನ್ನು ಗದರಿಸುವ ಬದಲು ಪಕ್ಕದಲ್ಲಿ ಕೂರಿಸಿಕೊಂಡು 'ಅನ್ನಾಸ್' ಸೂರಃದ ಅರ್ಥ ಹೇಳಿಕೊಡಿರಿ. ಅಭಯ ಬೇಡಬೇಕಾದದ್ದು ಪಿಸುಗುಡುವವನ ಕೆಡುಕಿನಿಂದ ಎಂಬುದು ತಿಳಿದರೆ ಕತ್ತಲೆಯ ಭಯ ಕಡಿಮೆಯಾಗುತ್ತದೆ, ತನ್ನ ಮನಸ್ಸಿನ ಮೇಲಿನ ಎಚ್ಚರ ಹೆಚ್ಚುತ್ತದೆ.

ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ಶೈತಾನನ ಪಿಸುಮಾತಿನಿಂದ ಕಾಪಾಡಲಿ, ನಿರಪರಾಧಿಯ ಮೇಲೆ ಕೈಯೆತ್ತುವ ಗುಂಪಿನಲ್ಲಿ ನಮ್ಮನ್ನು ಎಂದೂ ಸೇರಿಸದಿರಲಿ. ಆಮೀನ್.