ಎದೆಯ ದಪ್ಪ ಕೇಳದೆ ಬರೆದ ವರದಿ

ಉಸಿರಿನ ಜೊತೆ ಶ್ವಾಸಕೋಶ ಸೇರಿದ ಅಮೆರಿಸಿಯಂ-241 ಅನ್ನು ಹೊರಗಿನಿಂದಲೇ ಅಳೆಯಬಹುದು. ಅದು ಸೂಸುವ 59.5 ಕೆಇವಿ ಗಾಮಾ ಕಿರಣಗಳಲ್ಲಿ ಒಂದಷ್ಟು ಪಕ್ಕೆಲುಬು, ಮಾಂಸ, ಕೊಬ್ಬು ದಾಟಿ ಎದೆಯ ಹತ್ತಿರ ಇಟ್ಟ ಜರ್ಮೇನಿಯಂ ಡಿಟೆಕ್ಟರಿಗೆ ಸಿಗುತ್ತವೆ. ಒಳಗಿಂದ ಹೊರಟದ್ದರಲ್ಲಿ ಎಷ್ಟು ಪಾಲು ಸಿಕ್ಕಿತು ಎಂಬುದು ಗೊತ್ತಿದ್ದರೆ ಮಾತ್ರ ಒಳಗೆ ಎಷ್ಟು ಬೆಕೆರೆಲ್ ಇದೆ ಎನ್ನಬಹುದು. ಪರೀಕ್ಷೆಗೆಂದು ಯಾರ ಶ್ವಾಸಕೋಶಕ್ಕೂ ವಿಕಿರಣವಸ್ತು ತುಂಬಲಾಗದು. ಹಾಗಾಗಿ ಕಂಪ್ಯೂಟರಿನೊಳಗಿನ ದೇಹ ಬೇಕಾಗುತ್ತದೆ.

ಆ ಲೆಕ್ಕ ನನ್ನ ಪಾಲಿನದಾಗಿತ್ತು. ಮೊದಲು ಪ್ರಯೋಗಾಲಯದ ಪ್ಲಾಸ್ಟಿಕ್ ಎದೆಬೊಂಬೆಯನ್ನು ಸಿ.ಟಿ. ಸ್ಕ್ಯಾನ್ ಮಾಡಿಸಿ, ಮಾಂಟೆ ಕಾರ್ಲೊ ಪ್ರೋಗ್ರಾಮಿನಲ್ಲಿ ಕೂರಿಸಿ, ಕೋಟಿಗಟ್ಟಲೆ ಫೋಟಾನ್‌ಗಳನ್ನು ಹಾಯಿಸಿದೆ. ಅಳತೆಗೂ ಲೆಕ್ಕಕ್ಕೂ ತಾಳೆಯಾಯಿತು. ಆ ಧೈರ್ಯದ ಮೇಲೆ, ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2009ರಲ್ಲಿ ಹೊರತಂದ ಮಾದರಿ ಪುರುಷನನ್ನು ತೆಗೆದುಕೊಂಡೆ. 176 ಸೆಂ.ಮೀ. ಎತ್ತರ, 73 ಕೆ.ಜಿ. ತೂಕ. 8 ಮಿ.ಮೀ. ಎತ್ತರದ ಪುಟ್ಟ ಇಟ್ಟಿಗೆಗಳಿಂದ ಕಟ್ಟಿದ ದೇಹವಾದ್ದರಿಂದ ದೊಡ್ಡದು ಮಾಡಿ ನೋಡಿದರೆ ಪಕ್ಕೆಲುಬು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅವನಿಂದ ಬಂದ ಒಂದೇ ಅಂಕಿಯನ್ನು ಎಲ್ಲರಿಗೂ ಹಾಕಿದೆ.

ಗಿಡ್ಡಗಿನ, ತುಂಬು ಮೈಯ ಕೆಲಸಗಾರರೊಬ್ಬರ ವರದಿಗೆ ಸಹಿ ಹಾಕಿಸಲು ಹೋದಾಗ ಹಿರಿಯರು ಕೇಳಿದರು, “ಇವರ ಎದೆ ಎಷ್ಟು ದಪ್ಪ ಇದೆ, ನೋಡಿದ್ದೀರಾ?” ನೋಡಿರಲಿಲ್ಲ. ಅಲ್ಟ್ರಾಸೌಂಡ್ ಮಾಡಿಸಿದರೆ ಶ್ವಾಸಕೋಶದ ಮುಂದಿನ ಪದರ ಮಾದರಿ ಪುರುಷನದಕ್ಕಿಂತ ಒಂದೂವರೆ ಸೆಂ.ಮೀ. ಹೆಚ್ಚು. ಈ ಕಿರಣಗಳಿಗೆ ಒಂದು ಸೆಂ.ಮೀ. ಮಾಂಸ ದಾಟುವಷ್ಟರಲ್ಲಿ ಸುಮಾರು ಶೇ 18ರಷ್ಟು ನಷ್ಟ. ಅಂದರೆ ಅವರೊಳಗೆ ಇದ್ದದ್ದರ ಮುಕ್ಕಾಲು ಪಾಲನ್ನಷ್ಟೇ ನಾನು ಬರೆದಿದ್ದೆ. ಬೊಂಬೆಯ ಜೊತೆಗಿನ ತಾಳೆ ನನ್ನ ಪ್ರೋಗ್ರಾಮು ಸರಿಯಿದೆ ಎಂದು ಹೇಳಿತ್ತೇ ಹೊರತು ಈ ಮನುಷ್ಯನ ಬಗ್ಗೆ ಏನನ್ನೂ ಹೇಳಿರಲಿಲ್ಲ.

ಪ್ಲುಟೋನಿಯಂ ಆಗಿದ್ದರೆ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಅಲ್ಲಿ ಹಿಡಿಯಬೇಕಾದ 17 ಕೆಇವಿ ಆಸುಪಾಸಿನ ಎಕ್ಸ್-ಕಿರಣ 6 ಮಿ.ಮೀ. ಮಾಂಸದಲ್ಲೇ ಅರ್ಧಕ್ಕಿಳಿಯುತ್ತದೆ. ಇದೇ ತಪ್ಪಿಗೆ ವರದಿಯಲ್ಲಿ ಆರರಲ್ಲೊಂದು ಪಾಲು ಉಳಿಯುತ್ತಿತ್ತು.

ಆಮೇಲೆ ಬೇರೆ ಬೇರೆ ದಪ್ಪದ ಎದೆಗಳಿಗೆ ಲೆಕ್ಕ ಹಾಕಿ ಗ್ರಾಫ್ ಮಾಡಿಕೊಂಡೆ. ಅಲ್ಟ್ರಾಸೌಂಡ್ ಇಲ್ಲದೆ ಅಂಕಿ ಬರೆಯುವುದನ್ನು ಬಿಟ್ಟೆ. ತಿದ್ದಿದ ವರದಿಯನ್ನು ಆ ಕೆಲಸಗಾರರ ಕೈಗೆ ನಾನೇ ಕೊಟ್ಟು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು, “ಹಾಗಾದ್ರೆ ಸಾರ್, ಹೋದ ವರ್ಷದ್ದು?” ಎಂದರು. ಹಿಂದಿನ ವರದಿಗಳಿಗೂ ಅದೇ ಅಂಕಿ ಹಾಕಿದ್ದೆ. ಅವರದಷ್ಟೇ ಅಲ್ಲ, ಎಲ್ಲರ ಫೈಲುಗಳನ್ನೂ ಹೊರಗೆ ತೆಗೆಸಿದೆ.