ಒಯಿರಾತ: ಕಡಲಾಚೆಯ ಬಳಗ

ಇಂಡೋನೇಷ್ಯಾಕ್ಕೆ ಸೇರಿದ ಕಿಸಾರ್, ಸುಮಾರು 80 ಚದರ ಕಿಲೋಮೀಟರ್ ವಿಸ್ತಾರದ ಪುಟ್ಟ ದ್ವೀಪ. ಅಲ್ಲಿಯ ಬಹುಪಾಲು ಜನರ ನುಡಿ ಆಸ್ಟ್ರೋನೇಷಿಯನ್ ಕುಟುಂಬದ ಮೆಹೆರ್. ಪೂರ್ವ ಒಯಿರಾತ, ಪಶ್ಚಿಮ ಒಯಿರಾತ ಎಂಬ ಎರಡು ಊರುಗಳ ನುಡಿ ಮಾತ್ರ ಬೇರೆ. ಊರಿನ ಹೆಸರೇ ನುಡಿಗೂ ಇದೆ. ಭಾಷಾವಿಜ್ಞಾನಿಗಳು ಒಯಿರಾತವನ್ನು 'ಪಾಪುವನ್' ಎಂದು ವರ್ಗೀಕರಿಸಿದ್ದಾರೆ.

ಈ ಪರಿಭಾಷೆಯನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ದ್ರಾವಿಡ ಎಂಬುದರಂತೆ ಪಾಪುವನ್ ಎಂಬುದು ಒಂದು ಭಾಷಾಕುಟುಂಬದ ಹೆಸರಲ್ಲ. ನ್ಯೂಗಿನಿ ಹಾಗೂ ಅದರ ಸುತ್ತಣ ದ್ವೀಪಗಳಲ್ಲಿ ಆಸ್ಟ್ರೋನೇಷಿಯನ್ ಅಲ್ಲದ ಹಲವು ಕುಟುಂಬಗಳಿಗೆ ಒಟ್ಟಾಗಿ ಇಟ್ಟ ಹೆಸರು ಅದು. ನುಡಿಯೊಂದು ಏನಲ್ಲ ಎಂಬುದನ್ನು ಅದು ತಿಳಿಸುತ್ತದೆಯೇ ಹೊರತು, ಯಾರ ಬಂಧು ಎಂಬುದನ್ನಲ್ಲ.

ಬಂಧುತ್ವದ ಕುರುಹು ಪದಗಳಲ್ಲಿದೆ. ನೀರಿಗೆ ಒಯಿರಾತದಲ್ಲಿ 'ಇರ' ಎನ್ನುತ್ತಾರೆ. ಕಡಲು ದಾಟಿ ದಕ್ಷಿಣಕ್ಕೆ ಹೋದರೆ, ತಿಮೋರಿನ ಪೂರ್ವ ತುದಿಯ ಫತಲುಕುವಿನಲ್ಲಿಯೂ ಅದರ ನೆರೆಯ ಮಕಸಾಯಿಯಲ್ಲಿಯೂ ಅದು 'ಇರ'ವೇ. ತಿಮೋರಿನ ನಡುಭಾಗದ ಬುನಾಕ್‌ನಲ್ಲಿ 'ಇಲ್', ಪಂತಾರ್ ದ್ವೀಪದ ತೇವಾದಲ್ಲಿ 'ಯಿರ್'. ಇಂತಹ ಅನುರೂಪತೆಗಳು ಅನೇಕ ಪದಗಳಲ್ಲಿ ಕ್ರಮಬದ್ಧವಾಗಿ ದೊರೆಯುವುದರಿಂದಲೇ ತಿಮೋರ್-ಆಲೋರ್-ಪಂತಾರ್ ಎಂಬ ಕುಟುಂಬವನ್ನು ಗುರುತಿಸಲಾಗಿದೆ. ಅದರಲ್ಲಿ ಒಯಿರಾತಕ್ಕೆ ಅತಿ ಸಮೀಪದ್ದು ಫತಲುಕು. ಡಚ್ ಮಾನವಶಾಸ್ತ್ರಜ್ಞ ಯೊಸೆಲಿನ್ ಡಿ ಯೊಂಗ್ ಅವರ 1937ರ ಅಧ್ಯಯನವು ತನ್ನ ಶೀರ್ಷಿಕೆಯಲ್ಲಿಯೇ ಒಯಿರಾತವನ್ನು ಕಿಸಾರಿನಲ್ಲಿರುವ ತಿಮೋರಿಗರ ನೆಲೆ ಎಂದು ಕರೆದಿದೆ.

ಆದರೆ ಆಳ್ವಿಕೆಯ ಗೆರೆಗಳು ಈ ನಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಿಸಾರ್ ಡಚ್ಚರ ಪಾಲಾಯಿತು. ಪೂರ್ವ ತಿಮೋರ್ ಪೋರ್ಚುಗೀಸರಲ್ಲಿ ಉಳಿಯಿತು. 1975ರಿಂದ 1999ರವರೆಗೆ ಎರಡೂ ಇಂಡೋನೇಷ್ಯಾದ ಆಡಳಿತದಲ್ಲಿದ್ದವು. ಅದು ಬಳಗ ಕೂಡಿದ ಕಾಲವಲ್ಲ, ತಿಮೋರಿನ ಪಾಲಿಗೆ ಆಕ್ರಮಣದ ಕಾಲ. 2002ರಲ್ಲಿ ಪೂರ್ವ ತಿಮೋರ್ ಸ್ವತಂತ್ರವಾಯಿತು. ಅದರ ಸಂವಿಧಾನವು ತೇತುಮ್ ಮತ್ತು ಪೋರ್ಚುಗೀಸ್ ಭಾಷೆಗಳನ್ನು ಅಧಿಕೃತಗೊಳಿಸಿ, ಇತರ ರಾಷ್ಟ್ರೀಯ ಭಾಷೆಗಳನ್ನು ಬೆಳೆಸುವ ಭರವಸೆ ನೀಡಿತು. ಅದೇ ವರ್ಷ ಇಂಡೋನೇಷ್ಯಾವೂ ತನ್ನ ಸಂವಿಧಾನವನ್ನು ತಿದ್ದಿ, ಪ್ರಾದೇಶಿಕ ಭಾಷೆಗಳನ್ನು ಗೌರವಿಸಿ ಕಾಪಾಡುವುದಾಗಿ ಬರೆದುಕೊಂಡಿತು. ಹೀಗೆ ಒಂದೇ ಒಡಲಿನ ಎರಡು ನುಡಿಗಳಲ್ಲಿ ಒಂದು 'ರಾಷ್ಟ್ರೀಯ', ಇನ್ನೊಂದು 'ಪ್ರಾದೇಶಿಕ' ಎನಿಸಿದವು.

ಎರಡು ಊರುಗಳನ್ನಷ್ಟೇ ನೆಚ್ಚಿಕೊಂಡ ನುಡಿಗೆ ಭರವಸೆಯ ಮಾತು ಸಾಲದು. ಮನೆಯಲ್ಲಿ ಮಕ್ಕಳು ಅದನ್ನಾಡಬೇಕು. ಅದು ನಿಂತುಹೋದರೆ ನಷ್ಟ ಕಿಸಾರಿಗಷ್ಟೇ ಅಲ್ಲ. ಫತಲುಕು ಕಳೆದುಕೊಂಡ ಹಳೆಯ ರೂಪವೊಂದನ್ನು ಒಯಿರಾತ ಉಳಿಸಿಕೊಂಡಿರಬಹುದು. ಒಯಿರಾತ ಮರೆತದ್ದು ಫತಲುಕುವಿನಲ್ಲಿ ಬದುಕಿರಬಹುದು. ಒಂದರ ಚರಿತ್ರೆಗೆ ಇನ್ನೊಂದು ಸಾಕ್ಷಿ. ಆದುದರಿಂದ ಸಣ್ಣ ನುಡಿಗಳ ದಾಖಲೀಕರಣ ದೇಶದ ಗಡಿಗೆ ಬಂದು ನಿಲ್ಲದೆ, ಬಳಗವಿರುವಲ್ಲಿಯವರೆಗೂ ಸಾಗಬೇಕಾಗಿದೆ.