ಹೊಗೆ ಹೋದ ಮೇಲೆ ಉಳಿಯುವುದು

ಹಳೇ ಕಾರು ಕೊಳ್ಳಲು ಹೋದವರು ಬಾನೆಟ್ ಎತ್ತಿ ಇಂಜಿನ್ ನೋಡುತ್ತಾರೆ, ಟೈರಿಗೆ ಕಾಲಿನಿಂದ ಒದ್ದು ನೋಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ಮೀಟರ್ ಓದುತ್ತಾರೆ. ನಮ್ಮ ಚಿಟಗುಪ್ಪದ ಗ್ಯಾರೇಜಿನ ಉಸ್ತಾದ್ ನನಗೆ ಇನ್ನೊಂದು ಪರೀಕ್ಷೆ ಹೇಳಿಕೊಟ್ಟಿದ್ದರು: ‘ಎಲ್ಲಾ ಗಾಜು ಏರಿಸಿ ಐದು ಮಿನಿಟ್ ಒಳಗ ಸುಮ್ನ ಕೂಡ್ರಿ. ಗಾಡಿ ತಾನೇ ಮಾತಾಡ್ತದ.’

ಹುಮನಾಬಾದಿನಲ್ಲಿ ನೋಡಿದ ಆ ಸಣ್ಣ ಕಾರು ಎರಡೇ ನಿಮಿಷಕ್ಕೆ ಮಾತಾಡಿತು. ಕನ್ನಡಿಗೆ ತೂಗುಬಿಟ್ಟಿದ್ದ ಮಲ್ಲಿಗೆ ಸೆಂಟಿನ ಅಡಿಯಿಂದ ಸಿಗರೇಟು ಮೆಲ್ಲಗೆ ಎದ್ದು ಬಂತು. ಮಾರುವವರು ಸಣ್ಣ ಗುತ್ತಿಗೆದಾರರು. 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಮ್ಮೆ ಸೊಲ್ಲಾಪುರದ ಕಡೆ, ಒಮ್ಮೆ ಹೈದರಾಬಾದ್ ಕಡೆ ರಾತ್ರಿಯೆಲ್ಲ ಓಡಿಸಿದವರು. ‘ನಿದ್ದಿ ಬರಬಾರದಂತ ಸೇದತಿದ್ದೆ ಸರ್’ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ವಾಸನೆಯ ಲೆಕ್ಕದಲ್ಲೇ ಬೆಲೆ ಇಳಿಯಿತು. ಇಳಿದದ್ದರಿಂದಲೇ ಅದು ನನ್ನ ಕೈಗೆಟುಕಿತು. ತಂಗಿ ಪುಣೆಯಿಂದ ಮೊದಲ ಹೆರಿಗೆಗೆ ತವರಿಗೆ ಬರುವುದಿತ್ತು. ತಪಾಸಣೆಗೆ ಬೀದರಿಗೆ ಹೋಗಿ ಬರಬೇಕು, ಅಪರಾತ್ರಿಯಲ್ಲಿ ನೋವು ಬಂದರೆ ಬಾಗಿಲಲ್ಲಿ ಗಾಡಿಯಿರಬೇಕು. ನನ್ನ ಕೈಯಲ್ಲಿ ಮೂರು ವಾರವಿತ್ತು.

ಕಾರು ಮನೆ ಮುಂದೆ ನಿಂತಾಗ ಅವ್ವ ಬಾಗಿಲು ತೆರೆದು ಮೂಗಿಗೆ ಸೆರಗು ಹಿಡಿದಳು. ‘ನಿಮ್ಮಪ್ಪನ ಅಂಗಿ ನಾರಿದಂಗ ನಾರಲತ್ತದ. ಅಂಗಿ ಆದ್ರ ಬಿಸಿನೀರಾಗ ನೆನಸಿ, ಒಗದು, ಬಿಸಲಿಗಿ ಹಾಕತಿದ್ದೆ. ಇದಕ್ಕ ಏನ್ ಮಾಡ್ತಿ, ಬಾವಿಗಿ ಒಯ್ತಿಯೇನು?’

ಅವಳು ನಗೆಗೆ ಹೇಳಿದ್ದರಲ್ಲೇ ದಾರಿಯಿತ್ತು. ನಾವು ವಾಸನೆಯನ್ನು ಗಾಳಿ ಎಂದುಕೊಂಡಿರುತ್ತೇವೆ. ಕಿಟಕಿ ತೆರೆದರೆ ಹೋಗುತ್ತದೆ, ಸೆಂಟು ಹೊಡೆದರೆ ಸಾಯುತ್ತದೆ ಎಂದು ನಂಬಿರುತ್ತೇವೆ. ಹೊಗೆ ಹೋಗುವುದು ನಿಜ. ಆದರೆ ಅದರೊಳಗಿನ ನಿಕೋಟಿನ್, ಟಾರು ಸೀಟಿನ ಸ್ಪಂಜಿಗೆ, ಛಾವಣಿಯ ಬಟ್ಟೆಗೆ, ಗಾಜಿಗೆ ಅಂಟಿ ಕೂರುತ್ತವೆ. ಬಿಸಿಲೇರಿದರೆ ಆವಿಯಾಗಿ ಏಳುತ್ತವೆ, ಸಂಜೆ ಮತ್ತೆ ಕೂರುತ್ತವೆ. ಅಮೆರಿಕದ ಸ್ಯಾನ್ ಡಿಯೆಗೋದ ಸಂಶೋಧಕರು ಮಾರಾಟಕ್ಕಿಟ್ಟ ಹಳೇ ಕಾರುಗಳನ್ನೇ ಪರೀಕ್ಷಿಸಿ 2008ರಲ್ಲಿ ಬರೆದರು: ಸೇದುವವರ ಕಾರಿನ ಧೂಳಿನಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ, ಗಾಳಿಯಲ್ಲಿ ನಿಕೋಟಿನ್ ಉಳಿದಿತ್ತು. 2010ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಇನ್ನೊಂದು ಸಂಗತಿ ತೋರಿಸಿದರು. ಹೀಗೆ ಅಂಟಿ ಕೂತ ನಿಕೋಟಿನ್ ಗಾಳಿಯಲ್ಲಿನ ನೈಟ್ರಸ್ ಆಮ್ಲದೊಂದಿಗೆ ಸೇರಿ ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್‌ಗಳಾಗುತ್ತದೆ. ಸೇದುವವರೊಬ್ಬರ ವಾಹನದೊಳಗೂ ಅವು ಸಿಕ್ಕಿದ್ದವು. ಇದನ್ನು ಮೂರನೇ ಕೈಯ ಹೊಗೆ ಎನ್ನುತ್ತಾರೆ. ಸೇದುವವನದು ಮೊದಲನೆಯದು, ಪಕ್ಕ ಕೂತವನದು ಎರಡನೆಯದು, ಇಬ್ಬರೂ ಇಳಿದು ಹೋದ ಮೇಲೆ ಬಂದು ಕೂತವನದು ಮೂರನೆಯದು. ನನ್ನ ಕಾರಿನಲ್ಲಿ ಆ ಮೂರನೆಯವನು ಇನ್ನೂ ಹುಟ್ಟಿರಲಿಲ್ಲ.

ವಾಸನೆ ಎನ್ನುವ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವಿದೆಯಲ್ಲ, ಪೂರ್ವಜನ್ಮದ ವಾಸನೆ ಎನ್ನುವಾಗ ಬರುವುದು. ಮಾಡಿದ್ದು ಮುಗಿದ ಮೇಲೂ ಮಾಡಿದವನೊಳಗೆ ಉಳಿದು ಕೂರುವುದು. ಆ ಅರ್ಥ ನನಗೆ ಪುಸ್ತಕದಲ್ಲಿ ಸಿಕ್ಕಿದ್ದಕ್ಕಿಂತ ಚೆನ್ನಾಗಿ ಬಕೆಟ್ಟಿನಲ್ಲಿ ಸಿಕ್ಕಿತು.

ಮೊದಲು ಮಲ್ಲಿಗೆ ಸೆಂಟನ್ನು ಕಿತ್ತೆಸೆದೆ. ಸೀಟ್ ಕವರ್, ಮ್ಯಾಟ್ ಎಲ್ಲ ಕಳಚಿದೆ. ಸೀಟಿನ ಸಂದಿಯಲ್ಲಿ ಬೂದಿ, ಅರ್ಧ ಸುಟ್ಟ ತುಂಡುಗಳು, ಒಂದು ಟೋಲ್ ಚೀಟಿ. ಸೀಟುಗಳಿಗೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ವಾಷಿಂಗ್ ಸೆಂಟರಿನಲ್ಲಿ ಹೀರಿಸಿದೆ. ಸೋಡಾ ಅರ್ಧ ಕೆಲಸ ಮಾಡುತ್ತದೆ, ಪೂರ್ತಿ ಮಾಡುವುದಿಲ್ಲ. ನಿಕೋಟಿನ್ ಕ್ಷಾರ ಗುಣದ್ದು, ಅದಕ್ಕೆ ಬೇಕಾದದ್ದು ಆಮ್ಲ. ಗೋಬಿ ಮಂಚೂರಿ ಗಾಡಿಯವರು ಒಯ್ಯುವ ಬಿಳಿ ವಿನಿಗರ್ ಕಿರಾಣಿಯಲ್ಲಿ ಸಿಗುತ್ತದೆ. ಅದರ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿದೆ. ಆಮ್ಲ ತಗುಲಿದರೆ ನಿಕೋಟಿನ್ ಲವಣವಾಗಿ ನೀರಿಗೆ ಕರಗುತ್ತದೆ, ಬಟ್ಟೆಗೆ ಹತ್ತಿ ಬರುತ್ತದೆ. ಗಾಜಿನ ಒಳಮೈ ಒರೆಸಿದ ಮೊದಲ ಬಟ್ಟೆ ಹಿಂಡಿದಾಗ ಬಕೆಟ್ಟಿನ ನೀರು ಕಡಕ್ ಚಹಾದ ಬಣ್ಣಕ್ಕೆ ತಿರುಗಿತು. ಅಷ್ಟು ದಿನ ಆ ಗಾಜು ನನಗೆ ಸ್ವಚ್ಛವಾಗಿಯೇ ಕಂಡಿತ್ತು.

ಛಾವಣಿಯದು ನಾಜೂಕಿನ ಕೆಲಸ. ಆ ಬಟ್ಟೆಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಹೆಚ್ಚು ನೀರು ಕುಡಿದರೆ ಜೋತು ಬೀಳುತ್ತದೆ. ಹಿಂಡಿದ ಬಟ್ಟೆಯಿಂದ ಒಂದೊಂದೇ ಗೇಣು ಒರೆಸುತ್ತ ಹೋದೆ. ಉಸ್ತಾದ್ ಡ್ಯಾಶ್‌ಬೋರ್ಡಿನ ಖಾನೆ ಬಿಚ್ಚಿ ಎ.ಸಿ. ಫಿಲ್ಟರ್ ಹೊರತೆಗೆದರು. ಬೂದಿಯ ಕಂಬಳಿಯಂತಿತ್ತು ಅದು. ಹೊಸದು ಹಾಕಿ, ಕೂಲಿಂಗ್ ಕಾಯಿಲ್ ತೊಳೆದರು. ‘ಇದು ತೊಳಿಲಿಲ್ಲಂದ್ರ ಎ.ಸಿ. ಹಚ್ಚಿದಾಗೊಮ್ಮೆ ಅವರೇ ಸೇದಿ ನಿಮ್ಮ ಮುಖಕ್ಕ ಬಿಟ್ಟಂಗ’ ಎಂದರು. ಓಝೋನ್ ಯಂತ್ರ ಇಟ್ಟರೆ ಒಂದೇ ದಿನಕ್ಕೆ ಮುಗಿಯುತ್ತದೆ ಎಂದು ಯಾರೋ ಹೇಳಿದರು. ಆದರೆ ಓಝೋನ್ ತಾನೇ ಶ್ವಾಸಕೋಶಕ್ಕೆ ಉರಿ. ಬಸುರಿಗಾಗಿ ತೊಳೆಯುವ ಗಾಡಿಗೆ ಅದು ಬೇಡವೆನಿಸಿತು. ದಿನವೂ ನಾಲ್ಕೂ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿದೆ. ಎಲ್ಲರೂ ಬೈಯುವ ನಮ್ಮ ಮೇ ತಿಂಗಳ ಬಿಸಿಲು ಪುಕ್ಕಟೆ ದುಡಿಯಿತು.

ಅವ್ವನಿಗೆ ಇಷ್ಟರಿಂದ ಸಮಾಧಾನವಾಗಲಿಲ್ಲ. ಒಂದು ಸಂಜೆ ಕೆಂಡದ ಮೇಲೆ ಲೋಬಾನ ಹಾಕಿಕೊಂಡು ಬಂದಳು. ಬಾಣಂತಿ ಕೋಣೆಗೆ, ಎರೆದ ಕೂಸಿಗೆ ಲೋಬಾನದ ಹೊಗೆ ಹಾಕುವುದು ಅವಳು ಕಂಡು ಬಂದ ರೀತಿ. ಕೆಟ್ಟ ಗಾಳಿ ಹೋಗುತ್ತದೆಂಬ ನಂಬಿಕೆ. ಹೊಗೆ ತೆಗೆಯಲು ಹೊಗೆಯೇ? ‘ಅದೂ ಹೋಗಿ ಬಟ್ಟಿಗೇ ಕೂಡತದ ಅವ್ವಾ’ ಎಂದೆ. ಅವಳು ಬಕೆಟ್ಟಿನ ಚಹಾ ಬಣ್ಣದ ನೀರನ್ನು ನೋಡಿದಳು, ನನ್ನನ್ನು ನೋಡಿದಳು. ಕೆಂಡದ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸಿಕ್ಕಿಸಿ, ಇನ್ನೊಂದು ಬಟ್ಟೆ ತೊಯ್ಸಿಕೊಂಡು ಹಿಂದಿನ ಸೀಟಿಗೆ ಹತ್ತಿದಳು.

ಸೀಟ್ ಬೆಲ್ಟನ್ನು ಕಂಡುಹಿಡಿದವಳು ಅವಳೇ. ಒರೆಸಲೆಂದು ಎಳೆದಳು, ಅದು ಬರುತ್ತಲೇ ಹೋಯಿತು. ಹೊರಗೆ ಕಾಣುವಷ್ಟು ಭಾಗ ಬೂದುಬಣ್ಣ. ಒಳಗೆ ಸುತ್ತಿಕೊಂಡಿದ್ದದ್ದು ಹಳದಿ, ಅಂಟಂಟು. ‘ಇದು ಅಕಿ ಹೊಟ್ಟಿ ಮ್ಯಾಲ ಬರ್ತದಲ್ಲ?’ ಎಂದಳು. ಪೂರ್ತಿ ಎಳೆದು, ಒಳಗೆ ಸರಿಯದಂತೆ ಬಟ್ಟೆ ಒಣಹಾಕುವ ಚಿಮುಟಿ ಸಿಕ್ಕಿಸಿ, ಸೋಪಿನ ನೀರಿನಿಂದ ಐದೂ ಬೆಲ್ಟು ಉಜ್ಜಿದೆವು. ಒಣಗಲು ಒಂದಿಡೀ ದಿನ ಬಿಟ್ಟೆವು. ಆ ದಿನದ ನಂತರವೇ ವಾಸನೆ ನಿಜಕ್ಕೂ ಸೋತದ್ದು.

ತಂಗಿ ಬಂದಳು. ಬಸುರಿಯ ಮೂಗು ಬಲು ಚುರುಕು. ಕೂತು, ಉಸಿರೆಳೆದು, ‘ಉಪ್ಪಿನಕಾಯಿ ವಾಸನಿ ಬರ್ಲತ್ತದ’ ಎಂದಳು. ಅದು ವಿನಿಗರ್, ವಾರದೊಳಗೆ ಅದೂ ಹೋಯಿತು. ಬೀದರಿಗೆ ನಾಲ್ಕು ಸಲ ಹೋಗಿ ಬಂದೆವು. ಐದನೆಯ ಸಲ ಬರುವಾಗ ನಾವು ಒಬ್ಬರು ಹೆಚ್ಚಾಗಿದ್ದೆವು.

ಪೂರ್ತಿ ಹೋಯಿತೇ ಎಂದು ಕೇಳಿದರೆ, ಇಲ್ಲ. ಉರಿಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದರೆ ಎಲ್ಲಿಂದಲೋ ಒಂದೆಳೆ ಬರುತ್ತದೆ. ಗಾಜು ಇಳಿಸಿ ಎರಡು ನಿಮಿಷ ಬಿಟ್ಟೇ ಕೂಸನ್ನು ಹತ್ತಿಸುತ್ತೇವೆ. ಓಣಿಯಲ್ಲಿ ಕಾರಿರುವ ಮನೆ ಕಡಿಮೆ, ಹಾಗಾಗಿ ಅದು ನಮ್ಮೊಬ್ಬರದೇ ಆಗಿಯೂ ಉಳಿದಿಲ್ಲ. ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಕಾಕಾ ಎದೆನೋವೆಂದು ಬೀದರಿಗೆ ಹೊರಟರು. ಬಾಗಿಲ ಹತ್ತಿರ ಬಂದವರು ನೆನಪಾಗಿ ನಿಂತು, ಬೀಡಿಯನ್ನು ಗೋಡೆಗೆ ಒರೆಸಿ ಆರಿಸಿ, ‘ಕೂಡ್ರಲೇನಪ್ಪಾ?’ ಎಂದರು. ಅವರ ಅಂಗಿಯಲ್ಲಿ, ಮೀಸೆಯಲ್ಲಿ, ಉಸಿರಿನಲ್ಲಿ ನಲವತ್ತು ವರ್ಷದ ಹೊಗೆಯಿತ್ತು.

‘ಕೂಡ್ರಿ ಕಾಕಾ’ ಎಂದು ನಾಲ್ಕೂ ಗಾಜು ಇಳಿಸಿದೆ. ಡಿಕ್ಕಿಯಲ್ಲಿ ವಿನಿಗರ್ ಬಾಟಲಿ ಇದ್ದೇ ಇತ್ತು.